ಡೆಸ್ಕ್‌ಟಾಪ್ ಕಂಪ್ಯೂಟರ್ ಕಾಯುತ್ತಿದೆಯೇ? ಬಿಸಿ ಸಿಕ್ಕಿಕೊಂಡ ಜಾಗ ಹುಡುಕುವ ಬಗೆ

ಕಂಪ್ಯೂಟರ್ ಬಿಸಿಯಾಗುತ್ತಿದೆ ಎಂದು ಗೊತ್ತಾದೊಡನೆ ಹೆಚ್ಚಿನವರು ಇನ್ನೊಂದು ಫ್ಯಾನ್ ಕೊಳ್ಳಲು ಹೊರಡುತ್ತಾರೆ. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಬಿಸಿಯ ದೂರಿನ ಮೇಲೆ ನಾನು ಬಿಚ್ಚಿ ನೋಡಿದ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ಫ್ಯಾನಿನ ಕೊರತೆ ಇರಲಿಲ್ಲ. ಇದ್ದ ಫ್ಯಾನಿನ ಗಾಳಿಗೆ ಒಳಬರಲು ಅಥವಾ ಹೊರಹೋಗಲು ದಾರಿ ಇರಲಿಲ್ಲ.

ಚಿಪ್ಪಿನಲ್ಲಿ, ಅಂದರೆ ಲೆಕ್ಕ ಮಾಡುವ ಪ್ರೊಸೆಸರಿನಲ್ಲಿ (ಸಿಪಿಯು) ಅಥವಾ ಗ್ರಾಫಿಕ್ಸ್ ಕಾರ್ಡಿನ ಚಿತ್ರ ಮೂಡಿಸುವ ಚಿಪ್ಪಿನಲ್ಲಿ (ಜಿಪಿಯು), ಹುಟ್ಟಿದ ಶಾಖ ಮೂರು ಹೊಸ್ತಿಲು ದಾಟಿ ಹೊರಬೀಳಬೇಕು. ಮೊದಲನೆಯದು ಚಿಪ್ಪಿನಿಂದ ಅದರ ಮೇಲೆ ಕೂತ ಲೋಹದ ಹೀಟ್‌ಸಿಂಕಿಗೆ. ನಡುವೆ ಇರುವುದು ತೆಳುವಾಗಿ ಹರಡಿದ ಥರ್ಮಲ್ ಪೇಸ್ಟ್, ಅಂದರೆ ಶಾಖ ದಾಟಿಸುವ ಲೇಪ. ಎರಡನೆಯದು ಹೀಟ್‌ಸಿಂಕಿನ ಲೋಹದ ಹಾಳೆಗಳಿಂದ ಕ್ಯಾಬಿನೆಟ್ಟಿನ ಒಳಗಿನ ಗಾಳಿಗೆ. ಮೂರನೆಯದು ಆ ಗಾಳಿಯೊಂದಿಗೆ ಕೋಣೆಗೆ. ಚಿಪ್ ಉಗುರಿನಷ್ಟು ಚಿಕ್ಕದು. ಆದ್ದರಿಂದ ಮೊದಲ ಹೊಸ್ತಿಲಲ್ಲಿ ತಡೆ ಇದ್ದರೆ ತಾಪಮಾನ ಸೆಕೆಂಡುಗಳಲ್ಲಿ ಜಿಗಿಯುತ್ತದೆ. ಹೀಟ್‌ಸಿಂಕ್ ಒಂದು ಮುದ್ದೆ ಲೋಹ; ಅದು ಕಾಯಲು ಕೆಲವು ನಿಮಿಷ ಬೇಕು. ಇಡೀ ಕ್ಯಾಬಿನೆಟ್ ಕಾಯಲು ಇಪ್ಪತ್ತು, ಮೂವತ್ತು ನಿಮಿಷ ಹಿಡಿಯುತ್ತದೆ. ಹಾಗಾಗಿ ಯಂತ್ರ ಎಷ್ಟು ಬಿಸಿಯಾಯಿತು ಎನ್ನುವುದಕ್ಕಿಂತ ಎಷ್ಟು ಹೊತ್ತಿನಲ್ಲಿ ಬಿಸಿಯಾಯಿತು ಎಂಬುದು ದೋಷದ ಜಾಗವನ್ನು ಬೇಗ ಹೇಳುತ್ತದೆ. ಈ ಕೈಪಿಡಿಯ ಉದ್ದಕ್ಕೂ ನಾನು ಇದೊಂದನ್ನೇ ನೆಚ್ಚಿಕೊಂಡಿದ್ದೇನೆ.

ತೆರೆಯುವ ಮೊದಲು ಅಳೆಯಿರಿ

ಕ್ಯಾಬಿನೆಟ್ಟನ್ನು ಕೈಯಿಂದ ಮುಟ್ಟಿ ನೋಡಿದರೆ ಏನೂ ತಿಳಿಯುವುದಿಲ್ಲ. ಒಳ್ಳೆಯ ಯಂತ್ರ ಬಿಸಿಗಾಳಿಯನ್ನು ಹೊರಗೆ ಊದುತ್ತದೆ. ಉಸಿರುಗಟ್ಟಿದ ಯಂತ್ರದ ಹೊರಮೈ ತಣ್ಣಗೇ ಇರಬಹುದು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯುಇನ್ಫೋ ಅಥವಾ ಕೋರ್ ಟೆಂಪ್, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಹಾಕಿಕೊಳ್ಳಿ. ಇವೆಲ್ಲ ಉಚಿತ. ನಿಮ್ಮನ್ನು ಕಾಡುವ ಕೆಲಸ ಯಾವುದೋ (ಗೇಮ್, ವಿಡಿಯೋ ಸಂಕಲನ, ದೊಡ್ಡ ಲೆಕ್ಕಾಚಾರ) ಅದನ್ನೇ ನಡೆಸಿ, ಹತ್ತು ಸೆಕೆಂಡಿಗೆ, ಐದು ನಿಮಿಷಕ್ಕೆ, ಮೂವತ್ತು ನಿಮಿಷಕ್ಕೆ ಸಿಪಿಯು ಮತ್ತು ಜಿಪಿಯು ತಾಪಮಾನಗಳನ್ನು ಕಾಗದದ ಮೇಲೆ ಬರೆದಿಡಿ. ಜೊತೆಗೆ ಗಡಿಯಾರದ ವೇಗ, ಅಂದರೆ ಗಿಗಾಹರ್ಟ್ಸ್ ಅಂಕಿಯನ್ನೂ ಫ್ಯಾನುಗಳ ಸುತ್ತನ್ನೂ (ನಿಮಿಷಕ್ಕೆ ಎಷ್ಟು ಸಲ ತಿರುಗುತ್ತವೆ) ಬರೆಯಿರಿ. ಕೋಣೆಯ ತಾಪಮಾನವನ್ನು ಮರೆಯಬೇಡಿ.

ಕೋಣೆಯ ಅಂಕಿ ಏಕೆ ಬೇಕೆಂದರೆ, ಫ್ಯಾನ್ ಎಷ್ಟೇ ಜೋರಾಗಿ ತಿರುಗಿದರೂ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. 22 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿ ತೋರಿಸುವ ಯಂತ್ರ 35 ಡಿಗ್ರಿಯ ಕೋಣೆಯಲ್ಲಿ ಅದೇ ಕೆಲಸಕ್ಕೆ ಸುಮಾರು 83 ತೋರಿಸುತ್ತದೆ. ಎರಡು ಸಲವೂ ಅದು ಆರೋಗ್ಯವಾಗಿಯೇ ಇದೆ. ಹೋಲಿಸಬೇಕಾದದ್ದು ಚಿಪ್ಪಿಗೂ ಕೋಣೆಗೂ ಇರುವ ಅಂತರವನ್ನು.

ಮಿತಿ ಎಷ್ಟು ಎಂಬುದು ಚಿಪ್ಪಿನಿಂದ ಚಿಪ್ಪಿಗೆ ಬದಲಾಗುತ್ತದೆ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 100 ಡಿಗ್ರಿ ಮುಟ್ಟಿದೊಡನೆ ತಾವಾಗಿಯೇ ವೇಗ ಇಳಿಸಿಕೊಳ್ಳುತ್ತವೆ. ಎಎಂಡಿಯ ರೈಜನ್ 7000 ಸರಣಿಯ ಹಲವು ಚಿಪ್‌ಗಳನ್ನು ಭಾರೀ ಕೆಲಸದಲ್ಲಿ 95 ಡಿಗ್ರಿಯವರೆಗೆ ಹೋಗುವಂತೆಯೇ ರೂಪಿಸಲಾಗಿದೆ. ಅಲ್ಲಿ ಆ ಅಂಕಿಯೊಂದೇ ದೋಷದ ಗುರುತಲ್ಲ. ಗೇಮ್ ಆಡುವಾಗ 60ರಿಂದ 80ರ ನಡುವೆ ಇದ್ದು, ವೇಗ ಕುಸಿಯದೆ ಇದ್ದರೆ ನೆಮ್ಮದಿಯಿಂದಿರಿ. ತಾಪಮಾನ ಮಿತಿಗೆ ಅಂಟಿಕೊಂಡು, ಗಿಗಾಹರ್ಟ್ಸ್ ಅಂಕಿ ಇಳಿಯುತ್ತಾ ಹೋದರೆ ಮುಂದೆ ಓದಿ.

ಒಳಗೆ ಕೈ ಹಾಕುವಾಗಿನ ಎಚ್ಚರ

ಯಂತ್ರವನ್ನು ಪೂರ್ತಿ ಆಫ್ ಮಾಡಿ, ಹಿಂಬದಿಯ ಸ್ವಿಚ್ ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಪವರ್ ಗುಂಡಿಯನ್ನು ಐದಾರು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತಿನ ಬಹುಪಾಲು ಹೋಗುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಿ. ತಿರುಗುತ್ತಿರುವ ಫ್ಯಾನಿಗೆ ಬೆರಳು ಒಡ್ಡಬೇಡಿ. ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್‌ಗಳು ತಂತಿ ಕಿತ್ತ ಮೇಲೂ ಪ್ರಾಣಕ್ಕೆ ಅಪಾಯವಾಗುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಲ್ಲವು.

ಲಕ್ಷಣ: ಏನೂ ಕೆಲಸ ಮಾಡದಿದ್ದರೂ ಫ್ಯಾನ್ ಅಬ್ಬರಿಸುತ್ತದೆ

ಮೊದಲು ತಾಪಮಾನ ನೋಡಿ. ಚಿಪ್ ತಣ್ಣಗಿದ್ದೂ ಫ್ಯಾನ್ ಜೋರಾಗಿದ್ದರೆ ಅದು ಬಿಸಿಯ ಸಮಸ್ಯೆಯೇ ಅಲ್ಲ, ಹೊಂದಾಣಿಕೆಯ ಸಮಸ್ಯೆ. ಮೂರು ಪಿನ್ನಿನ ಫ್ಯಾನ್ ವೋಲ್ಟೇಜ್ ಏರಿಳಿತಕ್ಕೆ ತಕ್ಕಂತೆ ವೇಗ ಬದಲಿಸುತ್ತದೆ. ನಾಲ್ಕು ಪಿನ್ನಿನದು ಪಿಡಬ್ಲ್ಯುಎಂ ಎಂಬ ಪ್ರತ್ಯೇಕ ಸಂಕೇತವನ್ನು ಕೇಳುತ್ತದೆ. ಮೂರು ಪಿನ್ನಿನ ಫ್ಯಾನನ್ನು ಪಿಡಬ್ಲ್ಯುಎಂ ಸ್ಥಿತಿಯಲ್ಲಿರುವ ಜಾಗಕ್ಕೆ ಸಿಕ್ಕಿಸಿದರೆ ಅದಕ್ಕೆ ಆ ಸಂಕೇತ ಅರ್ಥವಾಗುವುದಿಲ್ಲ, ಸದಾ ಪೂರ್ಣ ವೇಗದಲ್ಲಿ ಓಡುತ್ತದೆ. ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯುವ ಮದರ್‌ಬೋರ್ಡಿನ ಹೊಂದಾಣಿಕೆ ಪುಟ) ಆ ಫ್ಯಾನಿನ ಸ್ಥಿತಿಯನ್ನು ಡಿಸಿ (ವೋಲ್ಟೇಜ್ ನಿಯಂತ್ರಣ) ಎಂದು ಬದಲಿಸಿದರೆ ಸಾಕು. ಬಯೋಸ್ ನವೀಕರಿಸಿದ ಮೇಲೆ ಸದ್ದು ಶುರುವಾಗಿದ್ದರೆ ಹಳೆಯ ಹೊಂದಾಣಿಕೆ ಅಳಿಸಿಹೋಗಿರುತ್ತದೆ, ಮತ್ತೆ ಹಾಕಿ.

ಚಿಪ್ ನಿಜವಾಗಿಯೂ ಬಿಸಿಯಾಗಿದ್ದರೆ, ನೀವು ಸುಮ್ಮನಿದ್ದರೂ ಯಂತ್ರ ಸುಮ್ಮನಿದೆಯೇ ಎಂದು ಪರೀಕ್ಷಿಸಿ. ಟಾಸ್ಕ್ ಮ್ಯಾನೇಜರ್ ತೆರೆದು ಸಿಪಿಯು ಬಳಕೆಯ ಕ್ರಮದಲ್ಲಿ ಜೋಡಿಸಿ. ನವೀಕರಣ, ವೈರಸ್ ತಪಾಸಣೆ, ಕಡತಗಳ ಪಟ್ಟಿ ತಯಾರಿಕೆ ಇವೆಲ್ಲ ಸ್ವಲ್ಪ ಹೊತ್ತು ಇದ್ದು ಹೋಗುತ್ತವೆ. ಟಾಸ್ಕ್ ಮ್ಯಾನೇಜರ್ ತೆರೆದೊಡನೆ ಫ್ಯಾನ್ ಸುಮ್ಮನಾಗಿ, ಮುಚ್ಚಿದೊಡನೆ ಮತ್ತೆ ಅಬ್ಬರಿಸಿದರೆ ಅನುಮಾನಪಡಿ. ನಿಮ್ಮ ಯಂತ್ರದಲ್ಲಿ ಗುಟ್ಟಾಗಿ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ನಡೆಸುವ ಕೆಲವು ಕುತಂತ್ರಾಂಶಗಳು ಹೀಗೆಯೇ ಅಡಗಿಕೊಳ್ಳುತ್ತವೆ. ಪೂರ್ಣ ತಪಾಸಣೆ ನಡೆಸಿ.

ಆಮೇಲೆ ಯಂತ್ರ ಇಟ್ಟ ಜಾಗ. ಮೇಜಿನ ಕೆಳಗಿನ ಮುಚ್ಚಿದ ಗೂಡಿನಲ್ಲಿಟ್ಟ ಕ್ಯಾಬಿನೆಟ್ ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಉಸಿರಾಡುತ್ತದೆ. ಹಿಂಬದಿಗೂ ಗೋಡೆಗೂ ಒಂದು ಗೇಣು ಜಾಗ ಬಿಡಿ. ಪವರ್ ಸಪ್ಲೈ ತಳದಿಂದ ಗಾಳಿ ಎಳೆಯುವಂತಿದ್ದರೆ ರತ್ನಗಂಬಳಿಯ ಮೇಲೆ ಇಡಬೇಡಿ, ಕೆಳಗೆ ಒಂದು ಹಲಗೆ ಹಾಕಿ.

ಕೊನೆಗೆ ಧೂಳು. ಮುಂಭಾಗ, ತಳ ಮತ್ತು ಮೇಲ್ಭಾಗದ ಜಾಲರಿಗಳನ್ನು ಕಳಚಿ ತೊಳೆಯಿರಿ, ಪೂರ್ತಿ ಒಣಗಿದ ಮೇಲೆಯೇ ಹಾಕಿ. ಒಳಗಿನ ಧೂಳನ್ನು ಒತ್ತಡದ ಗಾಳಿಯಿಂದ ಊದುವಾಗ ಫ್ಯಾನಿನ ಅಲಗನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ತನ್ನ ಮಿತಿಗಿಂತ ವೇಗವಾಗಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಗಾಳಿಯ ಡಬ್ಬಿಯನ್ನು ನೇರವಾಗಿ ಹಿಡಿಯಿರಿ, ತಲೆಕೆಳಗು ಮಾಡಿದರೆ ದ್ರವ ಚಿಮ್ಮುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ. ಅದರ ಕೊಳವೆಯ ತುದಿಯಲ್ಲಿ ಸ್ಥಿರ ವಿದ್ಯುತ್ ಸೇರುತ್ತದೆ.

ಲಕ್ಷಣ: ಅರ್ಧ ಗಂಟೆ ಚೆನ್ನಾಗಿ ಓಡಿ, ಬಳಿಕ ಮಂದವಾಗುತ್ತದೆ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಹೆಚ್ಚು ಕಾಣುವ, ಎಲ್ಲಕ್ಕಿಂತ ತಪ್ಪಾಗಿ ಓದಲ್ಪಡುವ ಲಕ್ಷಣ. ನಿಧಾನವಾಗಿ ಏರಿದ ಬಿಸಿ ಎಂದರೆ ಮೂರನೆಯ ಹೊಸ್ತಿಲಲ್ಲಿ ತಡೆ. ಚಿಪ್ಪೂ ಹೀಟ್‌ಸಿಂಕೂ ಸರಿಯಾಗಿವೆ. ಅವುಗಳಿಗೆ ಸಿಗುತ್ತಿರುವ ಗಾಳಿಯೇ ಬಿಸಿ.

ಇದಕ್ಕೆ ದುಡ್ಡಿಲ್ಲದ ಪರೀಕ್ಷೆ ಒಂದಿದೆ. ಅದೇ ಕೆಲಸ ನಡೆಸುತ್ತಾ, ಬಿಸಿ ನಿಂತಲ್ಲಿ ನಿಂತ ಮೇಲೆ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲನ್ನು ತೆಗೆದು ಹತ್ತು ನಿಮಿಷ ಕಾಯಿರಿ. ತಾಪಮಾನ ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಕ್ಯಾಬಿನೆಟ್ಟಿನ ಗಾಳಿಯ ಹರಿವೇ ದೋಷಿ. ಒಂದೆರಡು ಡಿಗ್ರಿ ಮಾತ್ರ ಬದಲಾದರೆ ಇಲ್ಲಿ ಹುಡುಕುವುದು ವ್ಯರ್ಥ, ಮುಂದಿನ ಲಕ್ಷಣಗಳಿಗೆ ಹೋಗಿ. ಇಳಿದಿದ್ದರೆ ಬಾಗಿಲು ಹಾಕಿ, ಈಗ ಮುಂಭಾಗದ ಮುಖವಾಡವನ್ನಷ್ಟೇ ಕಳಚಿ ಮತ್ತೆ ಅಳೆಯಿರಿ. ಆಗಲೂ ಇಳಿದರೆ ಗಾಳಿ ಒಳಬರುವ ದಾರಿ ಕಟ್ಟಿದೆ. ಇಳಿಯದಿದ್ದರೆ ಹೊರಹೋಗುವ ದಾರಿಯನ್ನು ಶಂಕಿಸಿ. ಮುಂದೆ ಗಾಜಿನ ಹಲಗೆ, ಬದಿಯಲ್ಲಿ ಬೆರಳಗಲದ ಸೀಳು ಇರುವ ಕ್ಯಾಬಿನೆಟ್‌ಗಳು ಈ ಪರೀಕ್ಷೆಯಲ್ಲಿ ಸೋಲುವುದು ಹೆಚ್ಚು. ಅಂಥವಕ್ಕೆ ಮೂರು ಫ್ಯಾನ್ ಹಾಕಿದರೂ ಆ ಸೀಳಿನಲ್ಲಿ ನುಸುಳಿದಷ್ಟೇ ಗಾಳಿ. ಬಾಗಿಲು ತೆಗೆದೇ ಇಟ್ಟು ಬಳಸುವುದನ್ನು ಪರಿಹಾರ ಎಂದುಕೊಳ್ಳಬೇಡಿ; ಧೂಳು ತುಂಬುತ್ತದೆ, ಮಕ್ಕಳ ಬೆರಳಿಗೆ ಅಪಾಯ.

ಆಮೇಲೆ ಫ್ಯಾನಿನ ದಿಕ್ಕು ನೋಡಿ. ಸಾಮಾನ್ಯ ಫ್ಯಾನಿನ ಒಂದು ಮುಖದಲ್ಲಿ ಮೋಟಾರನ್ನು ಹಿಡಿದ ಅಡ್ಡಪಟ್ಟಿಗಳಿರುತ್ತವೆ. ಗಾಳಿ ಆ ಅಡ್ಡಪಟ್ಟಿಗಳ ಕಡೆಯಿಂದ ಹೊರಬರುತ್ತದೆ. ಕೆಲವು ಫ್ಯಾನುಗಳ ಚೌಕಟ್ಟಿನ ಮೇಲೆ ಬಾಣದ ಗುರುತೂ ಇರುತ್ತದೆ. ಅಂದಕ್ಕಾಗಿ ಅಲಗುಗಳನ್ನು ತಿರುಗುಮುರುಗು ಮಾಡಿ ತಯಾರಿಸಿದವೂ ಉಂಟು, ಆದ್ದರಿಂದ ನೋಡಿದ್ದನ್ನು ಕಾಗದದಿಂದ ಖಚಿತಪಡಿಸಿಕೊಳ್ಳಿ. ತೆಳುವಾದ ಟಿಶ್ಯೂ ಕಾಗದದ ಪಟ್ಟಿಯೊಂದನ್ನು ಕ್ಯಾಬಿನೆಟ್ಟಿನ ಹೊರಗಿನಿಂದ ಜಾಲರಿಯ ಬಳಿ ಹಿಡಿಯಿರಿ. ಅಂಟಿಕೊಂಡರೆ ಒಳಗೆ ಎಳೆಯುತ್ತಿದೆ, ಹಾರಿದರೆ ಹೊರಗೆ ತಳ್ಳುತ್ತಿದೆ, ಸುಮ್ಮನೆ ನೇತಾಡಿದರೆ ಅಲ್ಲಿ ಗಾಳಿಯೇ ಇಲ್ಲ.

ನನ್ನ ಯಂತ್ರದಲ್ಲೇ ಒಮ್ಮೆ ಹಿಂಬದಿಯ ಫ್ಯಾನ್ ಬದಲಿಸಿದ ಬಳಿಕ ಸಿಪಿಯು ಮೊದಲಿಗಿಂತ ಹೆಚ್ಚು ಕಾಯತೊಡಗಿತು. ಫ್ಯಾನ್ ಹೊಸದು, ವೇಗವೂ ಸರಿಯಾಗಿತ್ತು. ಕಾಗದ ಹಿಡಿದಾಗ ಅದು ಜಾಲರಿಗೆ ಅಂಟಿಕೊಂಡಿತು. ಹಿಂಬದಿಯ ಹೊಸ ಫ್ಯಾನ್ ಒಳಗೆ ಊದುತ್ತಿತ್ತು, ಸಿಪಿಯು ಕೂಲರಿನ (ಹೀಟ್‌ಸಿಂಕ್ ಮತ್ತು ಅದರ ಫ್ಯಾನ್ ಸೇರಿದ ಜೋಡಿ) ಫ್ಯಾನ್ ಹಿಂದಕ್ಕೆ ಊದುತ್ತಿತ್ತು. ಎರಡು ಗಾಳಿಗಳು ಮುಖಾಮುಖಿ ಡಿಕ್ಕಿ ಹೊಡೆದು ಬಿಸಿ ಅಲ್ಲೇ ಸುಳಿಯುತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ಫ್ಯಾನ್ ತಿರುಗಿಸಿದ ಮೇಲೆ ಸರಿಹೋಯಿತು.

ಸರಿಯಾದ ದಾರಿ ಎಂದರೆ ಮುಂದಿನಿಂದ, ಕೆಳಗಿನಿಂದ ಒಳಗೆ. ಹಿಂದಿನಿಂದ, ಮೇಲಿನ ಹಿಂಭಾಗದಿಂದ ಹೊರಗೆ. ಬಿಸಿಗಾಳಿ ತಾನಾಗಿ ಮೇಲೇರುತ್ತದೆ ಎಂಬ ಮಾತನ್ನು ತುಂಬ ನೆಚ್ಚಬೇಡಿ. ಆ ಬಲ ತೀರಾ ಕಡಿಮೆ, ಚಿಕ್ಕ ಫ್ಯಾನ್ ಕೂಡ ಅದನ್ನು ಸುಲಭವಾಗಿ ಮೀರುತ್ತದೆ. ಮೇಲ್ಭಾಗದ ಮುಂದಿನ ಜಾಗದಲ್ಲಿ ಹೊರಗೆ ತಳ್ಳುವ ಫ್ಯಾನ್ ಇದ್ದರೆ ಒಮ್ಮೆ ತೆಗೆದು ಅಳೆಯಿರಿ. ಮುಂದಿನಿಂದ ಬಂದ ತಾಜಾ ಗಾಳಿ ಸಿಪಿಯು ತಲುಪುವ ಮೊದಲೇ ಅದು ಕದ್ದೊಯ್ಯುತ್ತಿರಬಹುದು. ಹೊರಗೆ ತಳ್ಳುವ ಫ್ಯಾನಿನ ಪಕ್ಕದಲ್ಲೇ ತೆರೆದ ಖಾಲಿ ಕಿಂಡಿ ಇದ್ದರೆ, ಹೊರಹೋದ ಬಿಸಿಗಾಳಿ ಅದರಿಂದ ಮತ್ತೆ ಒಳಬರುತ್ತದೆ, ಅಂಥದ್ದನ್ನು ಮುಚ್ಚಿ. ಹಿಂಬದಿಯಲ್ಲಿ ಕಾರ್ಡಿಲ್ಲದ ಖಾಲಿ ಸ್ಲಾಟುಗಳ ಲೋಹದ ಪಟ್ಟಿ ಕಳೆದುಹೋಗಿದ್ದರೂ ಇದೇ ತೊಂದರೆ. ಮುಂದಿನ ಫ್ಯಾನಿನ ಎದುರು ಗಂಟು ಗಂಟಾಗಿ ಬಿದ್ದಿರುವ ತಂತಿಗಳನ್ನು ಹಿಂದಕ್ಕೆ ಕಟ್ಟಿ.

ಒಳಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿರುವುದು ಒಳ್ಳೆಯದು. ಆಗ ಗಾಳಿ ಜಾಲರಿ ದಾಟಿಯೇ ಬರುತ್ತದೆ, ಸಂದುಗೊಂದುಗಳಿಂದ ಧೂಳನ್ನು ಎಳೆಯುವುದಿಲ್ಲ. ಆದರೆ ಫ್ಯಾನುಗಳನ್ನು ಎಣಿಸಿ ಇದನ್ನು ತೀರ್ಮಾನಿಸಬೇಡಿ. ಜಾಲರಿಯ ಹಿಂದಿರುವ ಫ್ಯಾನಿನ ಬಲ ಸಾಕಷ್ಟು ಕುಂದುತ್ತದೆ. ಮುಂದೆ ಎರಡು, ಹಿಂದೆ ಒಂದು ಎಂಬ ಜೋಡಣೆ ಎಷ್ಟೋ ಯಂತ್ರಗಳಿಗೆ ಸರಿಸಮನಾಗಿ ಸಾಕಾಗುವುದು ಇದೇ ಕಾರಣಕ್ಕೆ.

ಇಷ್ಟೆಲ್ಲ ಆದ ಮೇಲೂ ಬಾಗಿಲು ತೆಗೆದರೆ ಮಾತ್ರ ತಣ್ಣಗಾಗುತ್ತದೆ ಎಂದಾದರೆ, ಫ್ಯಾನ್ ಸೇರಿಸುವ ಹೊತ್ತು ಬಂತು. ಎಷ್ಟು ಗಾಳಿ ಬೇಕು ಎಂಬುದಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ: ಒಳಗೆ 300 ವ್ಯಾಟ್ ಶಾಖ ಹುಟ್ಟುತ್ತಿದ್ದರೆ, ಹೊರಬರುವ ಗಾಳಿ ಕೋಣೆಗಿಂತ 10 ಡಿಗ್ರಿ ಮಾತ್ರ ಬಿಸಿಯಾಗಿರಬೇಕೆಂದರೆ, ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಕ್ಯಾಬಿನೆಟ್ ದಾಟಬೇಕು. ಡಬ್ಬಿಯ ಮೇಲೆ ಬರೆದ ಫ್ಯಾನಿನ ಸಾಮರ್ಥ್ಯ ಯಾವ ಅಡ್ಡಿಯೂ ಇಲ್ಲದ ಬಯಲಿನದು, ಕ್ಯಾಬಿನೆಟ್ಟಿನಲ್ಲಿ ಅಷ್ಟು ಸಿಗುವುದಿಲ್ಲ. ಜಾಗವಿದ್ದರೆ 120 ಮಿಲಿಮೀಟರಿನ ಬದಲು 140 ಮಿಲಿಮೀಟರಿನದನ್ನು ಆರಿಸಿ, ಅಷ್ಟೇ ಗಾಳಿಯನ್ನು ನಿಧಾನವಾಗಿ ತಿರುಗಿಯೇ ಕೊಡುತ್ತದೆ. ಸದ್ದಿನ ಲೆಕ್ಕವೂ ಇಲ್ಲಿ ನಿಮ್ಮ ಪರ. ಒಂದರ ಜೊತೆ ಅಂಥದೇ ಇನ್ನೊಂದು ಫ್ಯಾನ್ ಸೇರಿದರೆ ಸದ್ದು ಹೆಚ್ಚುವುದು ಸುಮಾರು 3 ಡೆಸಿಬೆಲ್. ಎರಡರ ವೇಗವನ್ನೂ ಶೇಕಡಾ 20ರಷ್ಟು ತಗ್ಗಿಸಿದರೆ ಇಳಿಯುವುದು ಸುಮಾರು 5 ಡೆಸಿಬೆಲ್. ಒಂದು ಅವಸರದ ಫ್ಯಾನಿಗಿಂತ ಎರಡು ನಿಧಾನದವು ವಾಸಿ.

ಲಕ್ಷಣ: ನಾಲ್ಕೈದು ನಿಮಿಷದಲ್ಲಿ ಏರಿ ಮಿತಿ ಮುಟ್ಟುತ್ತದೆ

ಬಾಗಿಲು ತೆಗೆದರೂ ಫರಕಾಗದ, ಆದರೆ ತಕ್ಷಣ ಜಿಗಿಯದ ಬಿಸಿ ಎರಡನೆಯ ಹೊಸ್ತಿಲಿನದು. ಹೀಟ್‌ಸಿಂಕಿನ ಮೇಲಿನ ಫ್ಯಾನ್ ತಿರುಗುತ್ತಿದೆಯೇ, ಕೆಲಸದ ಭಾರ ಹೆಚ್ಚಿದಂತೆ ಅದರ ಸುತ್ತು ಏರುತ್ತಿದೆಯೇ ನೋಡಿ. ಚಿಪ್ 90 ತೋರಿಸುವಾಗಲೂ ಸುತ್ತು 600ರಲ್ಲೇ ನಿಂತಿದ್ದರೆ ಬಯೋಸ್‌ನಲ್ಲಿ ಫ್ಯಾನಿನ ರೇಖೆ (ಯಾವ ತಾಪಮಾನಕ್ಕೆ ಎಷ್ಟು ವೇಗ ಎಂಬ ಹೊಂದಾಣಿಕೆ) ತೀರಾ ಸೌಮ್ಯವಾಗಿದೆ. ಸುತ್ತು ಸರಿಯಿದ್ದರೆ ಫ್ಯಾನನ್ನು ಹೀಟ್‌ಸಿಂಕಿನಿಂದ ಬೇರ್ಪಡಿಸಿ ಒಳಗೆ ನೋಡಿ. ಮೇಲಿನಿಂದ ಶುಭ್ರವಾಗಿ ಕಾಣುವ ಎಷ್ಟೋ ಕೂಲರುಗಳಲ್ಲಿ ಫ್ಯಾನಿಗೂ ಲೋಹದ ಹಾಳೆಗಳಿಗೂ ನಡುವೆ ಕಂಬಳಿಯಂತೆ ಧೂಳು ಕೂತಿರುತ್ತದೆ. ಮೇಲಿನಿಂದ ಊದಿದರೆ ಅದು ಇನ್ನಷ್ಟು ಒಳಗೆ ಸೇರಿಕೊಳ್ಳುತ್ತದೆ. ಬಿಚ್ಚಿಯೇ ತೆಗೆಯಬೇಕು.

ಲಕ್ಷಣ: ಭಾರ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಮಿತಿಗೆ ಜಿಗಿಯುತ್ತದೆ

ಹೀಟ್‌ಸಿಂಕ್ ಇನ್ನೂ ತಣ್ಣಗಿದೆ, ಚಿಪ್ ಕುದಿಯುತ್ತಿದೆ. ಮೊದಲ ಹೊಸ್ತಿಲಲ್ಲಿ ಬಿಸಿ ದಾಟುತ್ತಿಲ್ಲ. ಯಂತ್ರ ಆಫ್ ಮಾಡಿ ಹೀಟ್‌ಸಿಂಕನ್ನು ಮೆಲ್ಲಗೆ ಅಲುಗಾಡಿಸಿ. ಅದು ಬೋರ್ಡಿನ ಮೇಲೆ ಗಟ್ಟಿಯಾಗಿ ಕೂತಿರಬೇಕು. ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರಿನಲ್ಲಿ ನಾಲ್ಕು ಒತ್ತುಗೂಟಗಳಿರುತ್ತವೆ. ಅದರಲ್ಲಿ ಒಂದು ಬಿಟ್ಟುಕೊಂಡರೂ ಕೂಲರ್ ಒಂದು ಮೂಲೆಯಲ್ಲಿ ಎದ್ದು ಸಂಪರ್ಕ ತಪ್ಪುತ್ತದೆ. ಯಂತ್ರವನ್ನು ಸಾಗಿಸಿದ ಬಳಿಕ ಶುರುವಾದ ಬಿಸಿಗೆ ಇದು ನನ್ನ ಮೊದಲ ಅನುಮಾನ. ಗೂಟ ಸರಿಯಾಗಿ ಕೂತರೆ ಬೋರ್ಡಿನ ಹಿಂದೆ ಅದರ ಕಾಲುಗಳು ಅಗಲಿ ನಿಂತಿರುವುದು ಕಾಣುತ್ತದೆ. ಸ್ಕ್ರೂ ಇರುವ ಕೂಲರಾದರೆ ಒಂದನ್ನೇ ಪೂರ್ತಿ ಬಿಗಿಯದೆ, ಎದುರುಬದುರಿನ ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ.

ಹೊಸದಾಗಿ ಜೋಡಿಸಿದ ಯಂತ್ರವಾಗಿದ್ದರೆ ಕೂಲರಿನ ತಳದ ರಕ್ಷಣಾ ಪ್ಲಾಸ್ಟಿಕ್ ಹಾಳೆ ಕಿತ್ತಿದೆಯೇ ಎಂದು ನೋಡಿ. ಅನುಭವಿಗಳ ಕೈಯಲ್ಲೂ ಇದು ಮರೆತುಹೋಗುತ್ತದೆ.

ಇವೆರಡೂ ಸರಿಯಿದ್ದು ಯಂತ್ರಕ್ಕೆ ಹಲವು ವರ್ಷವಾಗಿದ್ದರೆ ಪೇಸ್ಟ್ ಒಣಗಿರಬಹುದು. ಕೂಲರ್ ತೆಗೆಯುವ ಮೊದಲು ಯಂತ್ರವನ್ನು ಐದು ನಿಮಿಷ ಓಡಿಸಿ ಪೇಸ್ಟನ್ನು ಬೆಚ್ಚಗೆ ಮಾಡಿ. ಆಫ್ ಮಾಡಿ ತಂತಿ ಕಿತ್ತ ಮೇಲೆ ಕೂಲರನ್ನು ನೇರ ಎಳೆಯದೆ ಅತ್ತಿತ್ತ ತಿರುಚಿ ಬಿಡಿಸಿ. ಎಎಂಡಿಯ ಎಎಂ4 ಎಂಬ ಬಗೆಯ ಸಾಕೆಟ್ಟಿನಲ್ಲಿ (ಪ್ರೊಸೆಸರ್ ಕೂರುವ ಜಾಗ) ಈ ಎಚ್ಚರ ಬಹಳ ಮುಖ್ಯ: ಅಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿವೆ, ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಕೂಲರಿನ ಜೊತೆಗೇ ಕಿತ್ತು ಬಂದು ಪಿನ್ ಬಾಗುತ್ತದೆ. ಹಳೆಯ ಪೇಸ್ಟನ್ನು ನೂಲು ಬಿಡದ ಬಟ್ಟೆ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎರಡೂ ಕಡೆ ಒರೆಸಿ. ಹೊಸದನ್ನು ಬಟಾಣಿ ಗಾತ್ರದಷ್ಟು ನಡುವೆ ಇಟ್ಟು ಕೂಲರನ್ನು ಕೂರಿಸಿದರೆ ಒತ್ತಡವೇ ಅದನ್ನು ಹರಡುತ್ತದೆ. ಚಿಪ್ ದೊಡ್ಡದಾಗಿದ್ದರೆ ತುಸು ಹೆಚ್ಚು ಬೇಕು. ದ್ರವಲೋಹದ ಪೇಸ್ಟ್ ಬಳಸಬೇಡಿ ಎಂಬುದು ನನ್ನ ಗಟ್ಟಿ ಸಲಹೆ. ಅದು ವಿದ್ಯುತ್ತನ್ನು ಹರಿಸುತ್ತದೆ, ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ.

ನೀರಿನ ಕೂಲರ್ ಇದ್ದರೆ ಪಂಪನ್ನು ಪರೀಕ್ಷಿಸಿ. ಚಿಪ್ 95 ಮುಟ್ಟಿದ್ದರೂ ರೇಡಿಯೇಟರ್ (ಬಿಸಿಯಾದ ನೀರು ತಣಿಯುವ ಲೋಹದ ಭಾಗ) ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ ಎಂದರ್ಥ. ಬಯೋಸ್‌ನಲ್ಲಿ ಪಂಪಿನ ಸುತ್ತು ಸೊನ್ನೆ ತೋರಿಸುತ್ತಿದ್ದರೆ ಮೊದಲು ಅದರ ತಂತಿ ಸಡಿಲವಾಗಿದೆಯೇ ನೋಡಿ. ಗುಳುಗುಳು ಸದ್ದು ಬರುತ್ತಿದ್ದರೆ ಗಾಳಿಗುಳ್ಳೆ ಪಂಪಿಗೆ ಸೇರಿದೆ. ಗಾಳಿ ಯಾವಾಗಲೂ ಎತ್ತರದ ಜಾಗಕ್ಕೆ ಹೋಗಿ ನಿಲ್ಲುತ್ತದೆ, ಆದ್ದರಿಂದ ಪಂಪ್ ಎಂದೂ ಇಡೀ ವ್ಯವಸ್ಥೆಯ ಅತಿ ಎತ್ತರದ ಬಿಂದುವಾಗಿರಬಾರದು. ರೇಡಿಯೇಟರಿನ ಮೇಲ್ತುದಿ ಅದಕ್ಕಿಂತ ಮೇಲಿರಲಿ. ಮೊಹರು ಮಾಡಿದ ಇಂಥ ಕೂಲರುಗಳನ್ನು ಬಿಚ್ಚಿ ನೀರು ತುಂಬಲು ಹೋಗಬೇಡಿ. ಪಂಪ್ ಸತ್ತಿದ್ದರೆ ಖಾತರಿಯ ಅಡಿಯಲ್ಲಿ ಬದಲಿಸಿಕೊಳ್ಳಿ. ಕೊಳವೆಯ ಸಂದಿಯಲ್ಲಿ ಹನಿ ಕಂಡರೆ ಆ ಕ್ಷಣವೇ ವಿದ್ಯುತ್ ಕಡಿಯಿರಿ.

ಲಕ್ಷಣ: ಆನ್ ಮಾಡಿದೊಡನೆ ಸಿಪಿಯು ಫ್ಯಾನ್ ದೋಷದ ಸಂದೇಶ

ಕೂಲರಿನ ಫ್ಯಾನ್ ತಿರುಗುತ್ತಿದ್ದೂ ಈ ಸಂದೇಶ ಬಂದರೆ ಸಾಮಾನ್ಯವಾಗಿ ಅದರ ತಂತಿ ಸಿಪಿಯು ಫ್ಯಾನ್ ಎಂದು ಬರೆದ ಜಾಗದಲ್ಲಿಲ್ಲ, ಕ್ಯಾಬಿನೆಟ್ ಫ್ಯಾನಿನ ಜಾಗದಲ್ಲಿದೆ. ಬದಲಿಸಿದರೆ ಮುಗಿಯಿತು. ಫ್ಯಾನ್ ತಿರುಗದೇ ಇದ್ದರೆ ಅಲಗಿಗೆ ತಂತಿ ತಗುಲಿದೆಯೇ ನೋಡಿ, ಬೇರೊಂದು ಜಾಗಕ್ಕೆ ಸಿಕ್ಕಿಸಿ ಪರೀಕ್ಷಿಸಿ. ಅಲ್ಲೂ ತಿರುಗದಿದ್ದರೆ ಫ್ಯಾನ್ ಹೋಗಿದೆ. ಬಯೋಸ್‌ನಲ್ಲಿ ಈ ಎಚ್ಚರಿಕೆಯನ್ನೇ ಆರಿಸಿ ಮುಂದುವರಿಯಬೇಡಿ. ನೀರಿನ ಕೂಲರಿನ ತಂತಿ ಪಂಪಿನ ಜಾಗದಲ್ಲಿದ್ದು, ಪಂಪ್ ಮತ್ತು ಫ್ಯಾನ್ ಎರಡೂ ಓಡುತ್ತಿವೆ ಎಂದು ಖಚಿತವಾಗಿದ್ದರೆ ಮಾತ್ರ ಅದು ಸರಿ.

ಲಕ್ಷಣ: ಗೇಮ್ ಆಡುವಾಗ ಮಾತ್ರ ಬಿಸಿ, ಚಿತ್ರ ತಡವರಿಸುತ್ತದೆ

ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳು ಸುಮ್ಮನಿದ್ದಾಗ ತಿರುಗದಿರುವುದು ದೋಷವಲ್ಲ. ಹಲವು ಕಾರ್ಡುಗಳಲ್ಲಿ 50ರಿಂದ 60 ಡಿಗ್ರಿ ದಾಟಿದ ಮೇಲೆಯೇ ಅವು ಏಳುತ್ತವೆ. ಆಟದ ನಡುವೆ ಎಲ್ಲ ಫ್ಯಾನುಗಳೂ ತಿರುಗುತ್ತಿವೆಯೇ, ಒಂದು ಮಾತ್ರ ನಿಂತಿದೆಯೇ ಎಂದು ನೋಡಿ.

ಬಾಗಿಲು ತೆಗೆದ ಪರೀಕ್ಷೆಯಲ್ಲಿ ಕಾರ್ಡಿನ ತಾಪಮಾನ ಚೆನ್ನಾಗಿ ಇಳಿದರೆ ಕಾರ್ಡಿಗೆ ಉಸಿರಾಡಲು ಗಾಳಿಯಿಲ್ಲ. ಕಾರ್ಡಿನ ಫ್ಯಾನುಗಳ ಕೆಳಗೆ ಎರಡು ಬೆರಳಾದರೂ ಜಾಗ ಬೇಕು; ಅಲ್ಲಿ ಇನ್ನೊಂದು ಕಾರ್ಡ್ ಇದ್ದರೆ ದೂರದ ಸ್ಲಾಟಿಗೆ ಸರಿಸಿ. ನೆಟ್ಟಗೆ ನಿಲ್ಲಿಸಿ ಗಾಜಿಗೆ ಒತ್ತಿಕೊಂಡಂತೆ ಇಟ್ಟ ಕಾರ್ಡ್ ನೋಡಲು ಚೆಂದ, ಆದರೆ ಬಿಸಿಯಾಗುತ್ತದೆ. ಮುಂಭಾಗದ ಕೆಳಗಿನ ಫ್ಯಾನ್ ನೇರವಾಗಿ ಕಾರ್ಡಿನತ್ತ ಊದುವಂತಿರಲಿ.

ಬಾಗಿಲು ತೆಗೆದರೂ ಬದಲಾಗದಿದ್ದರೆ ತಂತ್ರಾಂಶ ತೋರಿಸುವ ಕಾರ್ಡಿನ ಜಿಪಿಯು ತಾಪಮಾನವನ್ನೂ ಅತಿ ಬಿಸಿಯಾದ ಬಿಂದುವಿನ ತಾಪಮಾನವನ್ನೂ ಹೋಲಿಸಿ. 10ರಿಂದ 20 ಡಿಗ್ರಿ ಅಂತರ ಸಾಮಾನ್ಯ. 30 ದಾಟಿದ್ದರೆ ಒಳಗಿನ ಪೇಸ್ಟ್ ಕೆಟ್ಟಿದೆ ಅಥವಾ ಕೂಲರಿನ ಒತ್ತಡ ಸಮನಾಗಿಲ್ಲ. ಇಲ್ಲಿ ನಿಲ್ಲಿ ಎಂದು ಹೇಳುತ್ತೇನೆ. ಕಾರ್ಡ್ ಬಿಚ್ಚಿದರೆ ಖಾತರಿ ಹೋಗಬಹುದು. ಜೊತೆಗೆ ಮೆಮೊರಿ ಚಿಪ್ಪುಗಳ ಮೇಲಿನ ಮೆತ್ತೆಗಳ ದಪ್ಪ ಒಂದೊಂದು ಮಾದರಿಗೆ ಒಂದೊಂದು ಬಗೆ. ತಪ್ಪು ದಪ್ಪದ ಮೆತ್ತೆ ಹಾಕಿದರೆ ಮುಖ್ಯ ಚಿಪ್ಪಿನ ಸಂಪರ್ಕವೇ ತಪ್ಪುತ್ತದೆ. ಬಿಚ್ಚದೆ ಮಾಡಬಹುದಾದದ್ದು ಎರಡಿದೆ: ಫ್ರೇಮ್ ವೇಗವನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಪರದೆಯ ವೇಗಕ್ಕೆ ಕಟ್ಟಿಹಾಕುವುದು, ಚಾಲಕ ತಂತ್ರಾಂಶದಲ್ಲಿ ಕಾರ್ಡಿನ ವಿದ್ಯುತ್ ಮಿತಿಯನ್ನು ಶೇಕಡಾ 10ರಷ್ಟು ಇಳಿಸುವುದು. ಬಿಸಿ ಚೆನ್ನಾಗಿ ತಗ್ಗುತ್ತದೆ. ಆಟದಲ್ಲಿ ಆಗುವ ನಷ್ಟ ಕಣ್ಣಿಗೆ ಬೀಳುವುದು ಕಡಿಮೆ.

ಲಕ್ಷಣ: ದೊಡ್ಡ ಕಡತ ನಕಲಿಸುವಾಗ ವೇಗ ಕುಸಿಯುತ್ತದೆ

ಕಡತಗಳನ್ನು ಇಡುವ, ಬೋರ್ಡಿಗೆ ನೇರ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿಗಳು 70, 80 ಡಿಗ್ರಿಯ ಆಸುಪಾಸಿನಲ್ಲಿ ವೇಗ ಇಳಿಸಿಕೊಳ್ಳುತ್ತವೆ. ಅದು ಗ್ರಾಫಿಕ್ಸ್ ಕಾರ್ಡಿನ ಅಡಿಯ ಸ್ಲಾಟಿನಲ್ಲಿದ್ದರೆ ಬೇರೆಡೆಗೆ ಸರಿಸಿ, ಬೋರ್ಡಿನೊಂದಿಗೆ ಬಂದ ಲೋಹದ ಮುಚ್ಚಳ ಹಾಕಿ. ತಾಪಮಾನ ಕಡಿಮೆಯಿದ್ದೂ ವೇಗ ಕುಸಿದರೆ ಅದು ಬಿಸಿಯ ದೋಷವಲ್ಲ, ಎಸ್‌ಎಸ್‌ಡಿಯ ವೇಗದ ತಾತ್ಕಾಲಿಕ ಸ್ಮೃತಿ ತುಂಬಿರಬಹುದು.

ಲಕ್ಷಣ: ವಿಚಿತ್ರ ಸದ್ದು

ಕಟಕಟ ಎಂದರೆ ಅಲಗಿಗೆ ತಂತಿ ತಗುಲುತ್ತಿದೆ. ಕರಕರ ಎಂದು ಉಜ್ಜುವ ಸದ್ದು ಬೇರಿಂಗಿನದು, ಆನ್ ಮಾಡಿದ ಮೊದಲ ನಿಮಿಷಗಳಲ್ಲಿ ಹೆಚ್ಚಿರುತ್ತದೆ. ಯಾವ ಫ್ಯಾನ್ ಎಂದು ತಿಳಿಯಲು ಅದರ ನಡುಭಾಗವನ್ನು ಬೆರಳಿನಿಂದ ಹಿಡಿದು ನಿಲ್ಲಿಸುವುದನ್ನು ಕೆಲವರು ಕಲಿಸುತ್ತಾರೆ, ಅದು ಬೇಡ. ಯಂತ್ರ ಆಫ್ ಮಾಡಿ ಒಂದೊಂದರ ತಂತಿ ಕಿತ್ತು ಮತ್ತೆ ಆನ್ ಮಾಡಿ ಕೇಳಿ, ಸಿಪಿಯು ಫ್ಯಾನನ್ನು ಮಾತ್ರ ಕೀಳಬೇಡಿ. ಫ್ಯಾನ್ ಕ್ಷಣಕ್ಷಣಕ್ಕೆ ಏರಿ ಇಳಿಯುತ್ತಿದ್ದರೆ ಹಾಳಾಗಿಲ್ಲ. ಚಿಪ್ಪಿನ ತಾಪಮಾನ ಸೆಕೆಂಡಿಗೊಮ್ಮೆ ಏರಿಳಿಯುವುದನ್ನು ಅದು ಹಿಂಬಾಲಿಸುತ್ತಿದೆ. ಬಯೋಸ್‌ನಲ್ಲಿ ಪ್ರತಿಕ್ರಿಯೆಗೆ ಮೂರು ನಾಲ್ಕು ಸೆಕೆಂಡಿನ ವಿಳಂಬ ಕೊಟ್ಟರೆ ಶಾಂತವಾಗುತ್ತದೆ.

ಲಕ್ಷಣ: ಯಂತ್ರ ಒಮ್ಮೆಲೇ ಆಫ್ ಆಗುತ್ತದೆ

ಬಿಸಿಯಿಂದ ಆಫ್ ಆಗುವ ಯಂತ್ರ ಸಾಮಾನ್ಯವಾಗಿ ಮೊದಲು ಮಂದವಾಗುತ್ತದೆ. ಚಿಪ್ ವೇಗ ಇಳಿಸಿ ನೋಡುತ್ತದೆ, ಸಾಲದಾದಾಗ ತನ್ನನ್ನು ಉಳಿಸಿಕೊಳ್ಳಲು ವಿದ್ಯುತ್ ಕಡಿಯುತ್ತದೆ. ತಕ್ಷಣ ಆನ್ ಮಾಡಿದರೆ ಇನ್ನೂ ಬೇಗ ಆಫ್ ಆಗುತ್ತದೆ, ಅರ್ಧ ಗಂಟೆ ಬಿಟ್ಟರೆ ಸ್ವಲ್ಪ ಹೆಚ್ಚು ಓಡುತ್ತದೆ. ಹೀಗಿದ್ದರೆ ಮತ್ತೆ ಮತ್ತೆ ಆನ್ ಮಾಡಿ ಪರೀಕ್ಷಿಸುವುದನ್ನು ಬಿಟ್ಟು ಮೇಲಿನ ಸಿಪಿಯು ತಪಾಸಣೆಗಳಿಗೆ ಹೋಗಿ.

ಮಂದವಾಗದೆ, ತಾಪಮಾನ 65, 70ರಲ್ಲಿದ್ದಾಗಲೇ ದೀಪ ಆರಿದಂತೆ ಆಫ್ ಆದರೆ ಅನುಮಾನ ಪವರ್ ಸಪ್ಲೈ ಮೇಲೆ, ಅದರ ತಂತಿಗಳ ಮೇಲೆ. ವಿಂಡೋಸ್‌ನ ದಾಖಲೆಯಲ್ಲಿ ಕರ್ನಲ್-ಪವರ್ 41 ಎಂದು ಕಂಡರೆ ಗಾಬರಿಯಾಗಬೇಡಿ. ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ನಿಂತಿತು ಎಂದಷ್ಟೇ ಅದರ ಅರ್ಥ, ಕಾರಣವನ್ನು ಅದು ಹೇಳುವುದಿಲ್ಲ. ಪವರ್ ಸಪ್ಲೈ ಅಡಿಯ ಜಾಲರಿ ಧೂಳಿನಿಂದ ಮುಚ್ಚಿದೆಯೇ, ಅದರ ಫ್ಯಾನಿನ ಮುಖ ಗಾಳಿಯಿಲ್ಲದ ಕಡೆಗೆ ತಿರುಗಿದೆಯೇ ಎಂದು ಹೊರಗಿನಿಂದ ನೋಡಿ. ಎಲ್ಲ ತಂತಿಗಳೂ ಪೂರ್ತಿ ಒಳಸೇರಿವೆಯೇ ನೋಡಿ. 2022ರಿಂದ ಬಂದ ದೊಡ್ಡ ಗ್ರಾಫಿಕ್ಸ್ ಕಾರ್ಡುಗಳ 16 ಪಿನ್ನಿನ ಕನೆಕ್ಟರ್ ಅರೆಬರೆ ಕೂತರೆ ಕರಗಿದ ಉದಾಹರಣೆಗಳಿವೆ. ಅದನ್ನು ಕೊನೆಯವರೆಗೆ ಒತ್ತಿ, ಬುಡದಲ್ಲೇ ಬಾಗಿಸಬೇಡಿ.

ಸುಟ್ಟ ವಾಸನೆ, ಕಂದುಬಣ್ಣಕ್ಕೆ ತಿರುಗಿದ ಕನೆಕ್ಟರ್, ಪವರ್ ಸಪ್ಲೈ ಒಳಗಿನಿಂದ ಚಟಪಟ ಸದ್ದು, ಉಬ್ಬಿದ ಕೆಪಾಸಿಟರ್, ಮುಟ್ಟಿದರೆ ಚುರುಕ್ಕೆನ್ನುವ ಕ್ಯಾಬಿನೆಟ್: ಇವುಗಳಲ್ಲಿ ಒಂದು ಕಂಡರೂ ಗೋಡೆಯ ಸ್ವಿಚ್ ಆರಿಸಿ, ಯಂತ್ರವನ್ನು ಮತ್ತೆ ಆನ್ ಮಾಡದೆ ತಂತ್ರಜ್ಞರಿಗೆ ಒಪ್ಪಿಸಿ. ಒಪ್ಪಿಸುವಾಗ ನೀವು ಬರೆದಿಟ್ಟ ಕಾಗದವನ್ನೂ ಕೊಡಿ: ಕೋಣೆಯ ತಾಪಮಾನ, ಹತ್ತು ಸೆಕೆಂಡು, ಐದು ನಿಮಿಷ, ಮೂವತ್ತು ನಿಮಿಷದ ಅಂಕಿಗಳು, ಬಾಗಿಲು ತೆಗೆದಾಗ ಎಷ್ಟು ಇಳಿಯಿತು, ಯಾವ ಬದಲಾವಣೆಯ ಬಳಿಕ ಶುರುವಾಯಿತು. ಆ ಕಾಗದವಿದ್ದರೆ ಅವರು ನೀವು ನಿಲ್ಲಿಸಿದಲ್ಲಿಂದ ಹುಡುಕಾಟ ಮುಂದುವರಿಸಬಲ್ಲರು.